ಸಗಣಿ ಲೆಕ್ಕ

ಬೋರ್ಡಿನ ಮೇಲೆ ಯಾರಿರಬೇಕು ಎಂದು
ಚಳ್ಳಕೆರೆಯ ಕಚೇರಿಯಲ್ಲಿ ಮುಕ್ಕಾಲು ಗಂಟೆ ಮಾತಾಯಿತು.
ಕೃಷ್ಣಮೃಗ ಸರಿ, ಅದಕ್ಕೆ ಕೊಂಬಿದೆ.
ಎರ್ಲಡ್ಡು ಹಕ್ಕಿ ಸರಿ, ಕಂಡು ಬಹಳ ವರ್ಷವಾಯಿತು,
ಇಲ್ಲದವರಿಗೆ ಪಟದಲ್ಲಿ ಜಾಗ ಬೇಗ ಸಿಗುತ್ತದೆ.
ತೋಳ ಮೂಲೆಯಲ್ಲಿರಲಿ, ಸಣ್ಣದಾಗಿ.
ನಾನು ಸಗಣಿಹುಳ ಎಂದೆ.
ಫ್ಯಾನಿನ ಸದ್ದು ಕೇಳಿಸಿತು.
ಯಾರೋ ಕೆಮ್ಮಿದರು, ನಗು ಬಚ್ಚಿಡುವ ಕೆಮ್ಮು.

ನನ್ನ ಕೆಲಸ ಹೇಳಿಕೊಳ್ಳುವಂಥದ್ದಲ್ಲ.
ಬೂದಿಗುಡ್ಡದ ಕಾವಲಿನಲ್ಲಿ ಬೆಳಗಿನ ಜಾವ ಸಗಣಿ ಕೆದಕುತ್ತೇನೆ.
ಒಂದು ಬಕೆಟ್, ಒಂದು ಚಮಚ, ಒಂದು ನೋಟ್‌ಬುಕ್ಕು.
ನೀರಿಗೆ ಸಗಣಿ ಹಾಕಿ ಕಾದರೆ
ಹುಳಗಳು ಒಂದೊಂದಾಗಿ ತೇಲಿ ಬರುತ್ತವೆ:
ಕರಿಯವು, ಕಂಚಿನ ಬಣ್ಣದವು,
ಸಾಸಿವೆಯಷ್ಟು ಚಿಕ್ಕವು, ನೇರಳೆ ಹಣ್ಣಿನಷ್ಟು ದಪ್ಪದವು.
ಎಣಿಸಿ ಬಿಟ್ಟುಬಿಡುತ್ತೇನೆ.
ನಮ್ಮ ಅತ್ತೆಗೆ ಹೇಳಿರುವುದು, ಹುಲ್ಲಿನ ಅಧ್ಯಯನ.

ದೇವರ ಎತ್ತುಗಳ ಕಿಲಾರಿ ಗಾದ್ರಯ್ಯ
ಮೊದಲ ದಿನ ದೂರದಿಂದಲೇ ನೋಡಿದ,
ಎರಡನೆಯ ದಿನ ಬಂದು ಕುಕ್ಕರುಗಾಲಲ್ಲಿ ಕೂತ,
ಮೂರನೆಯ ದಿನ ತಾನೇ ಬೆರಳಿಟ್ಟು ತೋರಿಸಿದ:
"ಇದು ಉಳ್ಳಾಡ್ಸದು. ಇದು ಇದ್ದಲ್ಲೇ ತೋಡದು.
ಇದು ನೋಡವ್ವ, ಕಳ್ಳ ನನ್ಮಗ,
ಇನ್ನೊಬ್ರು ಕಟ್ಟಿದ ಉಂಡೆ ಕದೀತೈತೆ."
ನಾನು ಎರಡು ವರ್ಷ ಓದಿ ಕಲಿತದ್ದು ಅಷ್ಟೇ.

ಶ್ರಾವಣಕ್ಕೆ ಮುಂಚೆ ಔಷಧಿಯ ಜೀಪು ಬಂತು.
ಒಳ್ಳೆಯ ಮನಸ್ಸಿನಿಂದಲೇ ಬಂತು.
ಉಣ್ಣೆಗೆ, ಹೊಟ್ಟೆಹುಳಕ್ಕೆ, ಎಲ್ಲಕ್ಕೂ ಒಂದೇ ಸೂಜಿ,
ಎಪ್ಪತ್ತೆರಡು ದನ, ಒಂದು ಮಧ್ಯಾಹ್ನ.
ಕಿವಿಯ ಉಣ್ಣೆಗಳು ಉದುರಿದವು, ಮೈ ಮಿರುಗಿತು.
ಗಾದ್ರಯ್ಯ ಡಾಕ್ಟರಿಗೆ ಚೊಂಬಿನ ತುಂಬ ಮಜ್ಜಿಗೆ ಕೊಟ್ಟ.

ಹನ್ನೊಂದನೆಯ ದಿನ ಫೋನು:
"ಅವ್ವ, ಸಗಣಿ ಬಿದ್ದದ್ದು ಬಿದ್ದಂಗೇ ಐತೆ."
ಇದನ್ನು ಸುದ್ದಿ ಎಂದುಕೊಳ್ಳುವವರು
ಈ ತಾಲ್ಲೂಕಿನಲ್ಲಿ ಬಹುಶಃ ನಾವಿಬ್ಬರೇ.

ಸಂಜೆ ಬಿದ್ದದ್ದು ಬೆಳಗಿನೊಳಗೆ ಹುಡಿಯಾಗುತ್ತಿದ್ದ ನೆಲದಲ್ಲಿ
ಅಂಚು ಕೆಡದೆ ಕೂತಿತ್ತು, ಯಾರೋ ತಟ್ಟಿಟ್ಟು ಮರೆತ ಬೆರಣಿಯಂತೆ.
ಎತ್ತಿದರೆ ಅಡಿಯ ಹುಲ್ಲು ಹಳದಿ,
ಕಾಮಾಲೆಯಾದವರ ಕಣ್ಣಿನ ಬಣ್ಣ.
ಬಕೆಟ್ಟಿಗೆ ಹಾಕಿದೆ. ಕಾದೆ.
ಮೊದಲು ನನ್ನದೇ ಮುಖ ತೇಲಿತು,
ಆಮೇಲೆ ಎರಡು ಹುಳ, ಕಾಲು ಮೇಲಾಗಿ.
ಬರೆದುಕೊಂಡೆ: ೨, ಸತ್ತವು.
ಹೋದ ವರ್ಷ ಇದೇ ಜಾಗ, ಇದೇ ವಾರ: ೧೯೩.

ಎಷ್ಟು ಕಡಿಮೆ ಕೂಲಿಗೆ ದುಡಿಯುತ್ತಿದ್ದವು.
ರಾತ್ರಿಯೆಲ್ಲ ತಲೆಕೆಳಗಾಗಿ ತಳ್ಳಿ, ತೋಡಿ, ಹೂತು
ಕೊನೆಗೆ ಸಿಗುವುದು ಒಂದು ಉಂಡೆ,
ಅದರೊಳಗಿಡಲು ಒಂದು ಮೊಟ್ಟೆ.
ಕಲ್ಲಿನಂಥ ಈ ನೆಲದೊಳಗೆ ಮಳೆ ಇಳಿಯುತ್ತಿದ್ದುದು
ಅವು ಕೊರೆದ ತೂತಿನಿಂದ.
ಕರಡದ ಬೇರು ಉಣ್ಣುತ್ತಿದ್ದುದು ಅವು ಬಡಿಸಿದ್ದನ್ನು.
ಕೃಷ್ಣಮೃಗ ನೆಗೆದು ಫೋಟೋಕ್ಕೆ ಸಿಗುತ್ತದಲ್ಲ,
ಅದು ಮತ್ತೆ ಕಾಲೂರುವ ನೆಲ ಇವುಗಳದು.

ಗಾದ್ರಯ್ಯ ಯಾರೊಡನೆಯೂ ವಾದಕ್ಕೆ ಹೋಗಲಿಲ್ಲ.
ಜೀಪು ಮತ್ತೆ ಬಂದಾಗ
ನಿಜಕ್ಕೂ ಸೊರಗಿದ್ದ ಒಂಬತ್ತನ್ನು ಮಾತ್ರ ಮುಂದೆ ನಿಲ್ಲಿಸಿದ.
ಅವನ್ನು ತಿಂಗಳೊಪ್ಪತ್ತು ರೊಪ್ಪದಲ್ಲೇ ಕಟ್ಟಿ ಮೇವು ಹಾಕಿದ,
ಅವುಗಳ ಸಗಣಿ ಕಾವಲಿಗೆ ಬೀಳದಂತೆ
ಬುಟ್ಟಿಯಲ್ಲಿ ಹೊತ್ತು ಬೆರಣಿ ತಟ್ಟಿಸಿದ.
"ದನ ದೇವ್ರಿಗೆ ಬಿಟ್ಟಿದ್ದು, ಎಲ್ರಿಗೂ ಗೊತ್ತು.
ಸಗಣಿ ಯಾರಿಗೆ ಬಿಟ್ಟಿದ್ದು ಅಂತ
ಇಲ್ಲೀಗಂಟ ಯಾರೂ ಕೇಳಿಲ್ಲ" ಅಂದ.

ಬೋರ್ಡು ಎದ್ದು ನಿಂತಿದೆ, ಕೊಂಬು, ರೆಕ್ಕೆ, ಮೂಲೆಯಲ್ಲಿ ತೋಳ.
ಕೃಷ್ಣಮೃಗದ ಗೊರಸಿನ ಪಕ್ಕ
ಪೇಂಟರ್ ಮಾಬುಸಾಬ್ ನನ್ನ ಮುಖ ನೋಡಿ
ಹೇಳದೆ ಇಟ್ಟ ಒಂದು ಕರಿ ಚುಕ್ಕೆ.
ಸಾಹೇಬರು ಬಣ್ಣ ಸಿಡಿದಿದೆ, ಒರೆಸು ಎಂದರು.
"ಒಣಗೋಯ್ತು ಸಾರ್" ಎಂದ ಅವನು, ಬ್ರಶ್ಶು ತೊಳೆಯುತ್ತ.

ಇವತ್ತು ಬೆಳಗ್ಗೆ ೪೧.
ಅದರಲ್ಲಿ ಒಂದು, ಗಾದ್ರಯ್ಯ ಹೇಳಿದ ಕಳ್ಳ.
ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ.
ಕಳ್ಳ ಬಂದಿದ್ದಾನೆಂದರೆ
ಊರಲ್ಲಿ ಮತ್ತೆ ಕದಿಯುವಂಥದ್ದು ಏನೋ ಇದೆ.