ಓದು ಬಾರದವರ ಸಾಲು

ನಮ್ಮೂರ ಯಜಮಾನನಿಗೆ ಸಭುಕು ಅನ್ನುತ್ತೇವೆ,
ಪುಸ್ತಕ ಇಟ್ಟುಕೊಂಡವನು ಎಂದು ಅರ್ಥ.
ಪುಸ್ತಕದಲ್ಲಿ ಹೆಸರಿದ್ದರೆ ಮೆಕ್ಕೆಜೋಳದ ಬೀಜ, ಹತ್ತು ಕಿಲೋ,
ಮೇಲೊಂದು ಚೀಲ ಗೊಬ್ಬರ.
ಹೆಸರ ಮೇಲೆ ಗೀಟು ಬಿದ್ದರೆ
ನಿನ್ನ ಹೊಲಕ್ಕೆ ಮಳೆ ಬಂದೂ ಬಾರದ ಲೆಕ್ಕ.

ಮತದಾನಕ್ಕೆ ಒಂಬತ್ತು ದಿನವಿರುವಾಗ
ಮನೆಮನೆಗೆ ಬಂದು ಹೇಳಿದ:
ಈ ಸಲ ನೀವ್ಯಾರೂ ಓದಿದವರಲ್ಲ.
ಕೇಳಿದರೆ ಕಣ್ಣು ಮಂಜು ಅನ್ನಿ, ಅಕ್ಷರ ಬಾರದು ಅನ್ನಿ,
ಗುರುತು ಹಾಕಿಕೊಡಲು ಪಕ್ಷದ ಹುಡುಗರು ಜೊತೆಗೆ ಬರುತ್ತಾರೆ.
ಆ ಹುಡುಗರಲ್ಲಿ ನಾನೊಬ್ಬ.
ಗರಿಕಾಯಿ. ನೆಮ್ಮದಿಯಾಗಿರಿ ಎಂದು ಹರಸಿ ಇಟ್ಟ ಹೆಸರು.

ಆಗುವುದಿಲ್ಲ ಅಂದವನು ಮಾಪೂರಿಸಾ ಒಬ್ಬನೇ.
ಮುಸಾಸಾ ಮರಗಳ ಹಿಂದೆ, ಹಳೇ ಹೊಗೆಸೊಪ್ಪಿನ ಗೂಡಿಗೆ
ಅವನನ್ನು ಕರೆದುಕೊಂಡು ಹೋದೆವು.
ರಾತ್ರಿಯಿಡೀ ಜೋರಾಗಿ ಹಾಡಿದೆವು,
ಊರಿಗೆ ಹಾಡಷ್ಟೇ ಕೇಳಲಿ ಎಂದು.
ನಾನು ಹೊಡೆಯಲಿಲ್ಲ.
ಲಾಟೀನು ಹಿಡಿದಿದ್ದೆ.
ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ
ಈಗ ನನಗೇ ಅದು ಸುಳ್ಳಿನ ಹಾಗೆ ಕೇಳುತ್ತದೆ.

ಶಾಲೆಯೇ ಮತಗಟ್ಟೆ. ಅಂಗಳದಲ್ಲಿ ಎರಡು ಸಾಲು,
ಉದ್ದನೆಯದು ಓದು ಬಾರದವರದು.
ಹದಿನೇಳನೆಯವರು ತೀಚಾ ಸೆಕೆಸಾಯಿ.
ಮೂವತ್ತೊಂದು ವರ್ಷ ಇದೇ ಕೋಣೆಯಲ್ಲಿ,
ಇದೇ ಒಡಕು ಹಲಗೆಯ ಮುಂದೆ
ಊರಿಗೆಲ್ಲ ಅಕ್ಷರ ತಿದ್ದಿಸಿದವರು. ಸಭುಕುಗೂ.
ಸೀಮೆಸುಣ್ಣವೇ ಬಾರದ ವರ್ಷ
ಹುತ್ತದ ಮಣ್ಣು ಪುಡಿಮಾಡಿ ನೆಲಕ್ಕೆ ಹರಡಿ
ನನ್ನ ಬೆರಳು ತಮ್ಮ ಬೆರಳೊಳಗೆ ಹಿಡಿದು
ಕೊಕ್ಕೆ ಬಾಗಿಸು ಗರಿಕಾಯಿ, ಒಳಕ್ಕೆ ಎಳಿ,
ಅದು ನಿನ್ನ ಹೆಸರಿನ ಬಾಗಿಲು ಎಂದವರು.

ಓದಲು ಬರುತ್ತದೆಯೇ ಅಮ್ಮಾ, ಅಧಿಕಾರಿ ಕೇಳಿದ.
ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರು,
ಮೂಗಿನ ಎರಡೂ ಬದಿಗೆ ಅದರ ತಗ್ಗು ಮಾತ್ರ ಉಳಿದಿತ್ತು.
ಅವನು ತಗ್ಗು ನೋಡಿದ. ನನ್ನ ಅಂಗಿಯ ಬಣ್ಣ ನೋಡಿದ.
ಬರೋದಿಲ್ಲ, ಅಂದರು,
ಹಿಂದಿನ ಬೆಂಚಿಗೂ ಕೇಳುವ ಹಾಗೆ.
ಅವನು ತಲೆ ಎತ್ತದೆ ಬರೆದುಕೊಂಡ.

ರಟ್ಟಿನ ಮರೆಯಲ್ಲಿ ನಾವಿಬ್ಬರೇ.
ಗುರುತು ಹಾಕಹೋದೆ, ಪೆನ್ನು ಬೆವರಿಗೆ ಜಾರಿತು.
ಇಷ್ಟು ಬಿಗಿ ಹಿಡೀಬಾರದು, ಅಂದರು ಮೆಲ್ಲಗೆ,
ಆವತ್ತೂ ಹೇಳಿದ್ದೆ.
ಬೆರಳು ಸಡಿಲ ಬಿಟ್ಟೆ.
ಎಲ್ಲಿ ಹಾಕು ಅಂದಿದ್ದರೋ ಅಲ್ಲೇ ಹಾಕಿದೆ.

ಗೆದ್ದೆವು. ಬೀಜ ಬಂತು. ಅರ್ಧ ಚೀಲಕ್ಕೆ ಹುಳು.

ಈಗ ಯಾರೇ ಕಾಗದ ಹಿಡಿದು ಹೋಗಲಿ,
ಔಷಧದ ಚೀಟಿ, ಬುಲವಾಯೋದಿಂದ ಬಂದ ಮಗನ ಪತ್ರ,
ತೀಚಾ ಕಡಲೆಕಾಯಿ ಸುಲಿಯುತ್ತ ಕೂತಲ್ಲಿಂದಲೇ ಹೇಳುತ್ತಾರೆ:
ನನಗೆ ಓದು ಬಾರದು, ಸರ್ಕಾರದ ಕಡತದಲ್ಲೇ ಇದೆ.
ಗರಿಕಾಯಿ ಹತ್ತಿರ ಹೋಗಿ. ಅವನಿಗೆ ಚೆನ್ನಾಗಿ ಬರುತ್ತದೆ.

ನಿನ್ನೆ ಮಾಪೂರಿಸಾನ ತಾಯಿ ಬಂದಳು.
ಸೆರಗಿನ ಗಂಟಿನಿಂದ ನಾಲ್ಕು ಮಡಿಕೆಯ ಕಾಗದ ಬಿಚ್ಚಿದಳು,
ಮೇಲೆ ಆಸ್ಪತ್ರೆಯ ಮೊಹರು.
ಎರಡೂ ಅಂಗಾಲು, ಎಂದು ಓದಿದೆ.
ಎಡಗೈಯ ಮೂರು ಬೆರಳು.
ಬೆನ್ನ ಕೆಳಗೆ, ಅಂಗೈಯಗಲ, ಎರಡು ಕಡೆ.
ಲಾಟೀನಿನ ಬೆಳಕಲ್ಲಿ ನಾನು ಮೊದಲೇ ಓದಿದ್ದ ಪಾಠ,
ಆದರೂ ತಡವರಿಸಿದೆ.

ಹೇಗಾಯಿತು ಅಂತ ಬರೆದಿದ್ದಾರಾ?
ಬರೆದಿತ್ತು. ಮರದಿಂದ ಬಿದ್ದದ್ದು.
ಅದನ್ನೂ ಓದಿದೆ.

ಅವಳು ಸ್ವಲ್ಪ ಹೊತ್ತು ನನ್ನ ಬಾಯಿಯನ್ನೇ ನೋಡುತ್ತಿದ್ದು
ಇನ್ನೊಮ್ಮೆ ಓದು ಅಂದಳು,
ಅವಸರ ಬೇಡ,
ಬೆರಳಿಟ್ಟು ತೋರಿಸಿ ಓದು
ಯಾವ ಸಾಲಿನಲ್ಲಿದೆ ಆ ಮರ.