ಬೊಟ್ಟಿಲ್ಲದ ಇ

"ಇನ್ಸುಲಿನ್ ಅಂತ ಒತ್ತಿದರೆ ಆಪ್ ಸತ್ತೇ ಹೋಗುತ್ತೆ,"
ಕೆಳಗಿನ ಔಷಧದಂಗಡಿಯಿಂದ ಮ್ಯುನೆವ್ವೆರ್ ಕೂಗುತ್ತಾಳೆ,
"ಆಸ್ಪಿರಿನ್ನಿಗೂ ಹಾಗೇ. ಪ್ಯಾರಸೆಟಮೋಲಿಗೆ ಏನೂ ಆಗಲ್ಲ.
ಸಕ್ಕರೆ ಕಾಯಿಲೆಯವರ ಮೇಲೆ ಏನು ಸಿಟ್ಟೋ ನಿನ್ನ ಯಂತ್ರಕ್ಕೆ!"

ಮೇಲೆ, ಸಿನೊಪ್ ಬಂದರಿಗೆ ಕಿಟಕಿ ತೆರೆದ ಕೋಣೆಯಲ್ಲಿ
ಗ್ಯೊಕ್ಚೆಗೆ ಇದು ಮೂರನೆಯ ದಿನ.
ಅವಳ ಫೋನಿನಲ್ಲಿ ಇನ್ಸುಲಿನ್ ಬದುಕಿದೆ,
ಅವಳ ಮೇಜಿನ ಕಂಪ್ಯೂಟರಿನಲ್ಲೂ.
ಮೆಟ್ಟಿಲಿಳಿದು ಕೌಂಟರಿನ ಫೋನಿನಲ್ಲಿ ಒತ್ತಿದರೆ
ಪರದೆ ಒಮ್ಮೆ ಕಣ್ಣು ಮಿಟುಕಿಸುತ್ತದೆ,
ಅಷ್ಟೇ.

ಏನೇನು ಮಾಡಲಿಲ್ಲ?
ಕ್ಯಾಶ್ ಗುಡಿಸಿದಳು. ಕಿತ್ತು ಮತ್ತೆ ಹಾಕಿದಳು.
ಮೆಮೊರಿ ಸೋರುತ್ತಿದೆಯೇನೋ ಎಂದು
ಸೂರಿನ ಕೆಳಗೆ ಬಿಂದಿಗೆ ಇಟ್ಟವಳ ಹಾಗೆ ರಾತ್ರಿಯಿಡೀ ಕಾದಳು.
ಕೋಡಿನ ತಿರುವುತಿರುವಿಗೂ ಒಂದೊಂದು ಸಾಲು ನೆಟ್ಟಳು:
ಇಲ್ಲಿಗೆ ಬಂದೆ
ಇಲ್ಲಿಗೂ ಬಂದೆ
ಇಲ್ಲಿ
ಆಮೇಲೆ ಸದ್ದಿಲ್ಲ. ಬಾವಿಗೆ ಹಾಕಿದ ಕಲ್ಲು
ನೀರು ಮುಟ್ಟಿದ ಸಪ್ಪಳವೇ ಕೇಳಲಿಲ್ಲ.

ಬೆಂಚಿನ ಮೇಲೆ ಸತಿಲ್ಮಿಶ್ ಕಾಯುತ್ತಿದ್ದಾನೆ,
ಎಪ್ಪತ್ತೆಂಟರ ದೋಣಿಗಾರ, ಬೆರಳಿಗೆ ಇನ್ನೂ ಮೀನಿನ ವಾಸನೆ.
ಸತಿಲ್ಮಿಶ್ ಎಂದರೆ ಮಾರಿಹೋದವನು.
ಅವನಿಗಿಂತ ಮೊದಲಿನ ಮೂವರು ತೊಟ್ಟಿಲಲ್ಲೇ ಹೋದಾಗ
ಇವನನ್ನು ಸುಳ್ಳುಸುಳ್ಳೇ ಮಾರಿ, ಸಾವಿನ ಲೆಕ್ಕದಿಂದ ತಪ್ಪಿಸಿದರಂತೆ.
(ನಮ್ಮಲ್ಲೂ ತಿಪ್ಪೆಗೆ ಹಾಕಿ, ತಿಪ್ಪಯ್ಯ ಎಂದು
ಎತ್ತಿಕೊಂಡು ಬರುತ್ತಿದ್ದರಲ್ಲ, ಹಾಗೆ.)
ಔಷಧ ಕೈಗೆ ಬಂದಿದೆ, ಮ್ಯುನೆವ್ವೆರ್ ಚೀಟಿಯಲ್ಲಿ ಬರೆದು ಕೊಟ್ಟಾಗಿದೆ.
ಅವನು ಕೂತಿರುವುದು ಸುಮ್ಮನೆ, ಯಾರು ಗೆಲ್ಲುತ್ತಾರೆ ನೋಡೋಣವೆಂದು.

ಗ್ಯೊಕ್ಚೆಯ ಫೋನಿನತ್ತ ಕತ್ತು ಚಾಚಿ ಕೇಳಿದ:
"ಇವತ್ತು ಬುಧವಾರ ಅಂತ ಇದರಲ್ಲಿ ಯಾಕೆ ಬರೆದಿಲ್ಲ ಮಗಳೇ?
ಇದಕ್ಕೆ ನಮ್ಮ ಭಾಷೆ ಬರೋದಿಲ್ವಾ?"

ಬರುತ್ತದೆ.
ಓದುವಾಗ ಅಂಕಾರಾದಲ್ಲಿ ಇಂಗ್ಲಿಷಿಗೆ ತಿರುಗಿಸಿದ್ದಳು,
ಮತ್ತೆ ತಿರುಗಿಸಿರಲಿಲ್ಲ.
ಈಗ ತಿರುಗಿಸಿದಳು. ಇನ್ಸುಲಿನ್ ಒತ್ತಿದಳು.
ಸತ್ತಿತು.

ತುರ್ಕಿಯಲ್ಲಿ ಇ ಎರಡು.
ಒಂದು ಬೊಟ್ಟಿಟ್ಟವಳು, ದೊಡ್ಡವಳಾದರೂ ಬೊಟ್ಟು ಅಳಿಸಳು.
ಇನ್ನೊಬ್ಬಳು ಬೋಳು ಹಣೆಯವಳು; ಅವಳ ದನಿಗೆ
ನಮ್ಮ ವರ್ಣಮಾಲೆಯಲ್ಲಿ ಮನೆಯಿಲ್ಲ,
ತುಳುವರ ನಾಲಿಗೆಯ ತುದಿಯ ಆ ಅರೆ ಉಕಾರ
ಅವಳ ದೂರದ ನೆಂಟ.
ಆಪ್ ಹೆಸರನ್ನು ದೊಡ್ಡಕ್ಷರಕ್ಕೇರಿಸಿ ಪಟ್ಟಿಯಲ್ಲಿ ಹುಡುಕುತ್ತಿತ್ತು.
ಪಟ್ಟಿಯಲ್ಲಿದ್ದವಳು ಬೋಳು ಹಣೆಯ ಪರದೇಶಿ,
ಬಾಗಿಲು ತಟ್ಟಿದವಳು ಬೊಟ್ಟಿಟ್ಟ ಮನೆಮಗಳು.
ಇವಳು ಯಾರೋ ಗೊತ್ತಿಲ್ಲ ಎಂದಿತು ಮನೆ.
ಎಳ್ಳುಕಾಳಿನಷ್ಟು ಚುಕ್ಕಿ, ಮೂರು ದಿನ.

ಗ್ಯೊಕ್ಚೆ ನಕ್ಕಳು, ಬೈದುಕೊಂಡಳು,
ನಲವತ್ತೊಂದು ಕಡೆ ಒಂದೇ ಪದ ಸೇರಿಸಿದಳು:
ಯಂತ್ರವೇ, ಅಕ್ಷರ ಹಿಗ್ಗಿಸುವಾಗ ಕುಗ್ಗಿಸುವಾಗ
ನೀನು ಯಾವ ನಾಡಿನವನೂ ಅಲ್ಲ.

ಇನ್ಸುಲಿನ್ ಎದ್ದು ಕೂತಿತು. ಆಸ್ಪಿರಿನ್ನೂ.
ಮ್ಯುನೆವ್ವೆರ್ ಚಹಾ ತರಿಸಿದಳು.
ಮುದ್ರಣಯಂತ್ರ ಕಿರ್ರೆಂದು ಡಬ್ಬಿಯ ಚೀಟಿ ಉಗುಳಿತು.
ಸತಿಲ್ಮಿಶ್ ಕನ್ನಡಕ ಏರಿಸಿ ಓದಿದ. ಮತ್ತೆ ಓದಿದ.
ಸರ್ಕಾರಿ ಕಾರ್ಡಿನ ದೊಡ್ಡಕ್ಷರಗಳನ್ನು ಸಣ್ಣದು ಮಾಡುವಾಗ
ನಾಡಿಲ್ಲದ ಯಂತ್ರ
ಅವನ ಹೆಸರಿನ ಎರಡು ಬೋಳು ಹಣೆಗೂ ಬೊಟ್ಟಿಟ್ಟಿತ್ತು.

"ಇದು ನಾನಲ್ಲ," ಎಂದ, ಸಿಟ್ಟಿಲ್ಲದೆ.

ಔಷಧಕ್ಕೆ ಊರಿಲ್ಲದಿದ್ದರೆ ನಡೆಯುತ್ತದೆ, ಮನುಷ್ಯನ ಹೆಸರಿಗಲ್ಲ.
ಗ್ಯೊಕ್ಚೆ ಮತ್ತೆ ಮೆಟ್ಟಿಲು ಹತ್ತಿದಳು.
ನಲವತ್ತೊಂದರಲ್ಲಿ ಆರು ಕಡೆ ಆ ಪದ ಅಳಿಸಿದಳು,
ಒಂದೊಂದನ್ನೂ ಕೈಯಾರೆ, ಅಕ್ಕಿಯ ಕಲ್ಲು ಆರಿಸುವ ನಿಧಾನದಲ್ಲಿ.

ಹೊಸ ಚೀಟಿ ಹಿಡಿದು ಇಳಿದು ಬರುವಷ್ಟರಲ್ಲಿ
ಮುದುಕ ಹೊರಟಿದ್ದ, ಬಾಗಿಲಲ್ಲಿದ್ದ.
"ಬೇಡ ಬಿಡು, ಸರಿ ಮಾಡಿಕೊಂಡೆ,"
ಡಬ್ಬಿ ತೋರಿಸಿದ. ಉಗುರಿನಲ್ಲಿ ಕೆರೆದಿದ್ದ,
ಎರಡೂ ಚುಕ್ಕಿ.

ಆ ರಾತ್ರಿ ಅವಳು ಫೋನನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.
ಎಚ್ಚರದ ಗಂಟೆ ಎಲ್ಲಿದೆಯೆಂದು ತಾಯ್ನುಡಿಯಲ್ಲಿ
ಹುಡುಕಿ ಹುಡುಕಿ ಸೋತು,
ಗುರುವಾರ ಒಂಬತ್ತೂವರೆಗೆ ಎದ್ದಳು.