ಕೊನೇ ಐದು ನಿಮಿಷ

ಮಂಡ್ಯದ ನಮ್ಮ ಟಾಕೀಸಿಗೆ ಆ ವಾರ
ಮಾತಿಲ್ಲದ ಒಂದು ಚಿತ್ರ ಬಂದಿತ್ತು.
ಇತ್ತು ಮಾತು, ಎಲೆ ತುದಿಯ ಉಪ್ಪಿನಕಾಯಿಯಷ್ಟು.
ನಾಯಕ ರೇಡಿಯೋ ಬಿಚ್ಚುತ್ತಾನೆ. ನಾಯಕಿ ಮಹಡಿ ಮೇಲೆ
ಒಣಗಿದ ಬಟ್ಟೆ ಮಡಚುತ್ತಾಳೆ. ಮತ್ತೆ ರೇಡಿಯೋ.
ಶುಕ್ರವಾರ ಹಿಂದಿನ ಸಾಲಿನವರು ಕೂಗಿದರು:
"ಲೇ, ಸೌಂಡ್ ಕೊಡ್ರುಲಾ!"
ಶನಿವಾರ ಕೂಗುವವರೂ ಬರಲಿಲ್ಲ.

ನಾನು ಟಾರ್ಚಿನವನು, ಕೆಂಪಲಿಂಗ.
ಹತ್ತೊಂಬತ್ತು ವರ್ಷ ಜನಕ್ಕೆ
ಅವರವರ ಕುರ್ಚಿ ತೋರಿಸಿದ್ದೇನೆ;
ಒಂದು ಚಿತ್ರದ ಕೊನೆಯನ್ನೂ ನೋಡಿಲ್ಲ.
ಐದು ನಿಮಿಷ ಇರುವಾಗಲೇ ಎದ್ದು
ಗೇಟಿನ ಅಗುಳಿ ತೆಗೆಯಬೇಕು,
ಸೈಕಲ್ ಸ್ಟ್ಯಾಂಡಿನ ಸರಪಳಿ ಬಿಚ್ಚಬೇಕು.
ಯಾರು ಯಾರನ್ನು ಸೇರಿದರು, ಯಾರು ಸತ್ತರು,
ಹೊರಬರುವವರ ಮುಖ ನೋಡಿ ಲೆಕ್ಕ ಹಾಕುತ್ತೇನೆ.

ಭಾನುವಾರದಿಂದ ಆಕೆ ಬಂದರು, ಮ್ಯಾಟಿನಿಗೆ.
ಗೋಡೆ ಪಕ್ಕ, ಸ್ಪ್ರಿಂಗ್ ಎದ್ದ ಕುರ್ಚಿ.
"ಆ ಕಡೆ ಚೆನ್ನಾಗಿರೋ ಸೀಟೈತೆ ಕನಮ್ಮ."
"ಇದೇ ಇರ್ಲಿ."
ಸೆರಗಿಗೆ ಅಂಟಿದ ರೇಷ್ಮೆ ದಾರದ ತುಂಡುಗಳು,
ಹಸಿರೊಂದು, ಕೇಸರಿ ಎರಡು:
ಪೇಟೆ ಅಂಗಡಿಗೆ ಸೀರೆ ಕುಚ್ಚು ಕಟ್ಟಿ
ಕೊಟ್ಟು ಹೋಗುವವರು.
ಕೊನೇ ಐದು ನಿಮಿಷಕ್ಕೆ ನನ್ನ ಹಿಂದೆಯೇ ಏಳುತ್ತಿದ್ದರು.
ಐದರ ಕೆರಗೋಡು ಬಸ್ಸು ತಪ್ಪಿದರೆ ಏಳೂವರೆಗೇ.
ಗೇಟಿನಲ್ಲಿ ನಾನು ಅಗುಳಿ, ಅವರು ಚಪ್ಪಲಿ ಸದ್ದು.

ಬುಧವಾರ ಬಾಯಿ ತಡೆಯಲಿಲ್ಲ.
"ದಿನಾ ಅದೇ ಪಿಚ್ಚರ್ರು, ಬೇಜಾರಾಗಲ್ವಾ?"
ಚಿಲ್ಲರೆ ಎಣಿಸುತ್ತಾ ಅಂದರು:
"ಮನೇಲಿ ಟೀವಿ ಹಾಕುದ್ರೆ ಯಾರೋ ಇದ್ದಂಗಾಯ್ತದೆ.
ಆರಿಸುದ್ರೆ ಅವ್ರು ಹೋದಂಗಾಯ್ತದೆ. ದಿನಾ.
ಇಲ್ಲಿ ಮೊದಲಿಂದ್ಲೂ ಯಾರೂ ಇಲ್ಲ."

ರಾತ್ರಿ ಹಿಟ್ಟು ತೊಳಸುವಾಗ ಆ ಮಾತು ಕೋಲಿಗೆ ಸಿಕ್ಕಿತು.
ನಮ್ಮವಳು ಹೋಗಿ ಮೂರು ವರ್ಷ,
ಒಂದೇ ಮುದ್ದೆಗೆ ಎಷ್ಟು ಹಿಟ್ಟು
ಕೈಗೆ ಇನ್ನೂ ತಿಳಿದಿಲ್ಲ.
ಹಾಕಿದ್ದೆಲ್ಲ ಎರಡಾಗುತ್ತದೆ.

ಗುರುವಾರ, ಚಿತ್ರಕ್ಕೆ ಕೊನೆಯ ದಿನ.
ಟಿಕೆಟ್ಟು ಒಂದು. ಆಪರೇಟರ್ ಬೋರಣ್ಣ ಮೇಲಿಂದ ಬಗ್ಗಿ,
"ಯಾರಿಗೆ ಗೇಟ್ ತೆಗೀತೀಯೋ? ಕುಂತ್ಕೊಂಡು ನೋಡು" ಅಂದ.
ಕೂತೆ. ನಡುವೆ ಎರಡು ಕುರ್ಚಿ ಬಿಟ್ಟು.
ಐದಾಯಿತು. ಬಸ್ಸು ಹೊರಟಿರಬೇಕು.
ಆಕೆ ಏಳಲಿಲ್ಲ.

ರೇಡಿಯೋ ಗರಗರ ಅಂತು,
ನಾಯಕಿ ಮೆಟ್ಟಿಲಿಳಿಯತೊಡಗಿದಳು, ಒಂದು, ಎರಡು,
ಕರೆಂಟು ಹೋಯಿತು.
"ಇಬ್ಬರಿಗೆ ಡೀಸೆಲ್ ಸುಡಕಾಯ್ತದಾ?" ಬೋರಣ್ಣನ ದನಿ, ಕತ್ತಲಿಂದ.

ಟಾರ್ಚ್ ಹಾಕಿದೆ, ಅಭ್ಯಾಸಬಲ, ನೆಲಕ್ಕೆ.
ಕಡಲೆಕಾಯಿ ಸಿಪ್ಪೆ. ಅವರ ಪಾದ. ನನ್ನ ಪಾದ.
"ಅಲ್ಲಿಗೆ ಬಿಡಿ" ಅಂದರು, ಪರದೆ ಕಡೆ ಕೈ ತೋರಿ.
ತಟ್ಟೆಯಗಲದ ಬೆಳಕು ಬಿಳಿ ಬಟ್ಟೆಯ ಮೇಲೆ ಅಲೆದು,
ಎಡಮೂಲೆ ದಾಟುವಾಗ,
"ನಿಲ್ಸಿ. ಅಲ್ಲೊಂದು ಹೊಲಿಗೆ ಐತೆ."

ಇತ್ತು. ಗೇಣುದ್ದ.
ಹಿಂದೊಮ್ಮೆ ಗಲಾಟೆಯಲ್ಲಿ ಯಾರೋ ಸೋಡಾ ಬಾಟ್ಲಿ ಎಸೆದದ್ದು.
ಏಣಿ ಹತ್ತಿ ಅರ್ಧ ರಾತ್ರಿ ಹಾಕಿದ್ದ ಹೊಲಿಗೆ.
ಹನ್ನೆರಡು ವರ್ಷ, ಎಷ್ಟು ಸಾವಿರ ಜನ,
ಎಷ್ಟು ನಾಯಕಿಯರ ಕೆನ್ನೆ ಅದರ ಮೇಲೆ ಹಾದು ಹೋಗಿದೆ,
ಒಬ್ಬರೂ ಕೇಳಿರಲಿಲ್ಲ.

"ಯಾರು ಹಾಕಿದ್ದು?"
"ನಾನೇ."
ತುಸು ಹೊತ್ತು ನೋಡಿದರು, ಕುಚ್ಚು ನೋಡುವ ಕಣ್ಣಲ್ಲಿ.
"ಹಿಂದ್ಗಡೆಯಿಂದ ಹೊಲ್ದಿದೀರಿ. ಗಂಟು ಬಿಗಿ ಜಾಸ್ತಿ ಆಯ್ತು,"
ಅಂದರು, "ಕೈ ಒಳ್ಳೇದು."

ಏಳೂವರೆ ತನಕ ಬಸ್ಸಿರಲಿಲ್ಲ.
ಕರೆಂಟೂ ಬರಲಿಲ್ಲ. ಸೆಲ್ಲು ಹಳದಿಯಾಗುವವರೆಗೆ
ಅವಳು ಮೆಟ್ಟಿಲಿಳಿದಳೋ ಇಲ್ಲವೋ ಅಂತ ಜಗಳವಾಡಿದೆವು.

ಶುಕ್ರವಾರ ಹೊಡೆದಾಟದ ಚಿತ್ರ, ಸಿಳ್ಳೆ, ಕಾಗದದ ಚೂರು.
ಪೋಸ್ಟರಿನ ಗೋಂದು ಇನ್ನೂ ಹಸಿ.
ಜನದ ನಡುವೆ ಆಕೆ, ಟಿಕೆಟ್ಟು ಹಿಡಿದು.
"ಇದನ್ನ ಕೊನೇವರ್ಗೂ ನೋಡ್ತೀರಾ?" ಅಂದೆ.
"ನೀವು ಗೇಟಿಗೆ ಹೋಗ್ಬೇಕಲ್ವಾ," ಅಂದರು ಜಯಶೀಲ.